ಕರೆದರೂ ಏಳದ ರಾಯಿಫೆ

ನಮ್ಮ ರಾಯಿಫೆ ಇದ್ಲಲ್ಲ, ಹೊಗೆಸೊಪ್ಪು ಪೋಣಿಸೋದ್ರಲ್ಲಿ ಅವಳನ್ನ ಮೀರಿಸೋರು ಈ ಬೆಟ್ಟದಲ್ಲೇ ಇರ್ಲಿಲ್ಲ. ಉದ್ದದ ಸೂಜಿ, ಬೆರಳೆಲ್ಲ ಅಂಟು ಅಂಟು, ಕಪ್ಪು. ಅದೇ ಕೈಲಿ ಅನ್ನ, ಗಿಣ್ಣು ತುಂಬಿ ಕ್ಲಿನ್ ಅನ್ನೋ ಪದರದ ರೊಟ್ಟಿ ಸುಟ್ಲು ಅಂದ್ರೆ ಬೆಣ್ಣೆ ಘಮ ಮಸೀದಿವರೆಗೂ... ಅದಿರ್ಲಿ, ನಾನು ಹೇಳ್ತಿದ್ದಿದ್ದು ಅವಳ ಹೆಸರಿನ ವಿಷ್ಯ.

ಆಗಿನ ಸರ್ಕಾರದೋರು ಪೊಲೀಸ್ರನ್ನ ಕಟ್ಕೊಂಡು ಬಂದು, ಬಲ್ಗೇರಿಯಾದಲ್ಲಿ ಇನ್ಮುಂದೆ ಮುಸಲ್ಮಾನರ ಹೆಸರು ನಡೆಯಲ್ಲ ಅಂದ್ರು. ಒಂದೇ ಬೆಳಗ್ಗೆ ಊರಿಗೂರೇ ಬೇರೆ ಹೆಸರು. ರಾಯಿಫೆ ರಾದ್ಕಾ ಆದ್ಲು, ಪಕ್ಕದ್ಮನೆ ನಜ್ಮಿಯೆ ನಾದ್ಕಾ ಆದ್ಲು. ಒಂದ್ಸಲ ಪಂಚಾಯ್ತಿ ಕಚೇರೀಲಿ ಬಾಯ್ತಪ್ಪಿ "ನಾನು ರಾಯಿಫೆ" ಅಂದಿದ್ದಕ್ಕೆ ಸಂಜೆವರೆಗೂ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ರು ಅವಳನ್ನ. ಆಮೇಲಿಂದ ಆ ಕಚೇರಿ ಹೊಸ್ತಿಲು ದಾಟಿದ್ರೆ ಅವಳ ಕಿವಿಗೆ ರಾದ್ಕಾ ಅನ್ನೋದೊಂದೇ ಕೇಳ್ತಿದ್ದಿದ್ದು.

ಅವರಮ್ಮ ಶಿಫಿಯೆ ಮಾತ್ರ ಆ ಹೆಸರನ್ನ ಬಾಯಿಗೇ ತರ್ಲಿಲ್ಲ ನೋಡಿ. ಮನೆಯೊಳಗೆ ಪಿಸುದನಿಯಲ್ಲಿ ರಾಯಿಫೆ, ಬೀದೀಲಿ "ಏ ಹುಡುಗೀ". ಐವತ್ತು ವರ್ಷದ ಹುಡುಗಿ!

ಹದಿನೇಳು ವರ್ಷ ಹೀಗೇ ಹೋಯ್ತು. ಆ ಸರ್ಕಾರ ಬಿತ್ತು. ಹೆಸರು ವಾಪಸ್ ಕೊಡ್ತಾರಂತೆ, ಕೋರ್ಟಿನ ಗುಮಾಸ್ತ ಒಂದೇ ಒಂದು ದಿನ ಬರ್ತಾನಂತೆ, ತಪ್ಪಿದ್ರೆ ಪಟ್ಟಣಕ್ಕೆ ಅಲೀಬೇಕಂತೆ. ಶಿಫಿಯೆ ಆಗ ಹಾಸಿಗೆ ಹಿಡಿಯೋ ಹಾಗಾಗಿದ್ಲು. "ಕಾಗದ ತಗೊಂಡ್ಬಾ ಕಣೇ," ಅಂದ್ಲು, "ಉಸಿರಿರೋವಾಗ ನಿನ್ನನ್ನ ಬೀದಿಗೆಲ್ಲ ಕೇಳೋ ಹಾಗೆ ಒಂದ್ಸಲ ಕೂಗ್ಬೇಕು."

ರಾಯಿಫೆ ಹೊಸ ತಲೆವಸ್ತ್ರ ಕಟ್ಕೊಂಡು ಹೋಗಿ ಅದೇ ಕಚೇರಿಯ ಬೆಂಚಲ್ಲಿ ಕೂತ್ಲು.

"ರಾಯಿಫೆ ಸಾಲಿಹ್!" ಅಂದ ಗುಮಾಸ್ತ. ಇವಳು ಕೈಕಟ್ಕೊಂಡು ಕೂತೇ ಇದ್ಲು. ಮತ್ತೆ ಕೂಗಿದ. ಊಹೂಂ. "ಬಂದಿಲ್ಲ ಅಂತ ಬರ್ಕೊಳ್ಲಾ?" ಅಂತ ಪೆನ್ನು ಎತ್ತಿದ.

ನಜ್ಮಿಯೆ ಮೊಣಕೈಲಿ ತಿವಿದ್ಲು. "ಲೇ, ಕಿವೀಗೆ ಹೊಗೆಸೊಪ್ಪು ತುರುಕ್ಕೊಂಡಿದ್ದೀಯೇನೇ? ನಿನ್ನೇ ಕರೀತಿರೋದು!"

"ನನ್ನಲ್ಲ ಕಣೇ, ಯಾರೋ ರಾಯಿಫೆನ್ನ..." ಅಂದೋಳು ಅಲ್ಲೇ ಬಾಯಿ ಮುಚ್ಕೊಂಡ್ಲು.

ಸಾಲಲ್ಲಿದ್ದೋರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ರು. ಗುಮಾಸ್ತನೂ ನಕ್ಕ, "ಹಾಗಾದ್ರೆ ನೀವ್ಯಾರಮ್ಮಾ?"

ಅವಳು ಎದ್ಲು. ತನ್ನನ್ನ ನಿಲ್ಲಿಸಿದ್ದ ಗೋಡೆ ಕಡೆ ಒಂದ್ಸಲ ನೋಡಿದ್ಲು. "ರಾಯಿಫೆ," ಅಂದ್ಲು ಮೆಲ್ಲಗೆ.

"ಕೇಳಿಸ್ಲಿಲ್ಲ."

"ರಾಯಿಫೆ!" ಅಂದ್ಲು ನೋಡಿ, ಒಲೆ ಪಕ್ಕ ಮಲಗಿದ್ದ ಕಚೇರಿ ಬೆಕ್ಕು ಕಿಟಕಿಯಿಂದ ಆಚೆ!

ಕಾಗದ ಎದೆಗಿಟ್ಕೊಂಡು ವಾಪಸ್ ಬಂದಾಗ ಶಿಫಿಯೆ ಗೋಡೆ ಹಿಡ್ಕೊಂಡು ಮೊಗಸಾಲೆಗೆ ಬಂದು ನಿಂತಿದ್ಲು. ಇವಳು ಕಾಗದ ಎತ್ತಿ ತೋರಿಸಿದ್ಲು. ಆ ಒಣಗಿದ ಮುದುಕಿಗೆ ಅಷ್ಟು ದನಿ ಎಲ್ಲಿತ್ತೋ ಕಾಣೆ.

"ರಾಯಿಫೇ!"

ಇವಳು ಕೆಳಗೆ ಬೀದೀಲಿ ನಿಂತ್ಕೊಂಡು ನಲ್ಲಿ ಕಡೆ ಮುಖ ತಿರುಗಿಸಿದ್ಲು, ಏನೂ ಕೇಳಿಸ್ದೇ ಇರೋಳ ಹಾಗೆ.

"ಏ ರಾಯಿಫೇ, ಕಿವುಡೀ!" ಅಂತ ಅಮ್ಮ ಇನ್ನೂ ಜೋರಾಗಿ ಕೂಗಿದ್ಲು.

ಮೂರನೇ ಸಲ ಕೂಗಿದ್ಮೇಲೇ ನಮ್ಮ ರಾಯಿಫೆ "ಬಂದೇ ಅಮ್ಮಾ" ಅಂತ ಮೆಟ್ಲು ಹತ್ತಿದ್ದು.