ಒಕ್ಕಣೆ ಇಲ್ಲದ ಸಹಿಗಳು

ಯಾರಾದರೂ 'ಸಹಿ ಹಾಕಿ ಸಾಕು, ಮಿಕ್ಕಿದ್ದು ನಾವು ನೋಡ್ಕೋತೀವಿ' ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಮೊನ್ನೆ ಕೊರಿಯರ್‌ನವನ ಮೇಲೂ ರೇಗಿಬಿಟ್ಟೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಆಗ ನಾನು ಚಿಕ್ಕಪೇಟೆಯ ಸೀರೆ ಅಂಗಡಿಯೊಂದರಲ್ಲಿದ್ದೆ. ಇಡೀ ದಿನ ಸೀರೆ ಬಿಚ್ಚಿ ತೋರಿಸುವುದು, ಗಿರಾಕಿ ಮೂತಿ ತಿರುಗಿಸಿದ ಮೇಲೆ ಮತ್ತೆ ಮಡಿಸುವುದು. ಸಂಜೆ ಐದೂವರೆಗೆ ಮಾಲೀಕರ ಮುಖ ನೋಡದೆ ಚೀಲ ಹೆಗಲಿಗೇರಿಸಿ ಚಾಮರಾಜಪೇಟೆಯ ಸರ್ಕಾರಿ ಸಂಜೆ ಕಾಲೇಜಿಗೆ ಓಡುವುದು. ಬಿ.ಎ. ಎರಡನೇ ವರ್ಷ. ಹಗಲು ದುಡಿಯುವ ನಮ್ಮಂಥವರ ಕೈಗೆಟುಕುವಂತೆ ಇದ್ದದ್ದು ಆ ಸೋರುವ ಮಾಳಿಗೆಯ ಕಟ್ಟಡ ಒಂದೇ.

ನನ್ನ ಬೆಂಚಿನಲ್ಲಿ ಗವಿಪುರದ ಅಕ್ಕ ಕೂರುತ್ತಿದ್ದಳು. ಬೆಳಿಗ್ಗೆಯಿಂದ ತಳ್ಳುಗಾಡಿಯಲ್ಲಿ ತರಕಾರಿ ಮಾರಿ, ಗಾಡಿಯನ್ನು ತಂಗಿಗೆ ಒಪ್ಪಿಸಿ ಬರುವವಳು. ಮಗಳು ಹೈಸ್ಕೂಲಿನಲ್ಲಿದ್ದಳು, ತಾಯಿ ಬಿ.ಎ.ಯಲ್ಲಿದ್ದಳು. "ಡಿಗ್ರಿ ತಗೊಂಡು ಏನ್ ಮಾಡ್ತೀಯ ಅಕ್ಕಾ?" ಎಂದು ಒಮ್ಮೆ ರೇಗಿಸಿದ್ದೆ. "ಫ್ರೇಮ್ ಹಾಕ್ಸಿ ಗೋಡೆಗೆ ಹೊಡೀತೀನಿ ಕಣೇ. ನಮ್ಮನೇಲಿ ದೇವರ ಫೋಟೋನೇ ಜಾಸ್ತಿ ಆಗೋಗಿದೆ, ನನ್ದೂ ಒಂದಿರ್ಲಿ" ಎಂದಿದ್ದಳು.

ಸಂಕ್ರಾಂತಿಗೆ ಮುಂಚೆ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಬಂತು. ಅನುದಾನ ಇಲ್ಲವಂತೆ. ಕಟ್ಟಡದ ನಿರ್ವಹಣೆ ಒಂದು ಖಾಸಗಿ ಟ್ರಸ್ಟಿಗಂತೆ. ಸಂಜೆ ವಿಭಾಗದವರು ಕೆಂಗೇರಿ ಆಚೆಯ ಕಾಲೇಜಿಗೆ ಹೋಗಬೇಕಂತೆ. ಐದೂವರೆಗೆ ಪೇಟೆ ಬಿಟ್ಟವಳು ಕೆಂಗೇರಿ ದಾಟುವ ಹೊತ್ತಿಗೆ ಪಾಠವೇ ಮುಗಿದಿರುತ್ತದೆ. ಮುಚ್ಚುತ್ತೇವೆ ಎಂದು ಬರೆಯಲು ನಾಚಿಕೆಯಾಗಿ ಸ್ಥಳಾಂತರ ಎಂದು ಬರೆದಿದ್ದರು, ಅಷ್ಟೇ.

ನಾವು ಗೇಟಿನ ಮುಂದೆ ಕೂತೆವು. ಕೊನೆಯ ವರ್ಷದ ಹುಡುಗನೊಬ್ಬ ಮುಂದಾಳಾದ. ಎಲ್ಲರೂ ಅವನನ್ನು ಲೀಡರ್ ಎಂದೇ ಕರೆಯುತ್ತಿದ್ದೆವು. ಏನು ಮಾತು, ಏನು ಗಂಟಲು! 'ಓದು ನಮ್ಮ ಹಕ್ಕು, ಮಾರೋಕೆ ನೀವ್ಯಾರು' ಎಂದು ಅವನು ಕೂಗಿದರೆ ಎದುರಿನ ಜೆರಾಕ್ಸ್ ಅಂಗಡಿಯವರೂ ಆಚೆ ಬರುತ್ತಿದ್ದರು. ನಮ್ಮನ್ನು ಪೊಲೀಸ್ ವ್ಯಾನಿಗೆ ತುಂಬಿದ ದಿನ ನನ್ನ ಪಕ್ಕದಲ್ಲೇ ಕೂತು ಜೇಬಿನಿಂದ ಕಡಲೆಕಾಯಿ ತೆಗೆದು ಎಲ್ಲರಿಗೂ ಹಂಚಿದ್ದ. ಅವನನ್ನು ನಂಬದೆ ಇನ್ಯಾರನ್ನು ನಂಬಬೇಕಿತ್ತು, ಹೇಳಿ.

ಮನವಿ ಪತ್ರಕ್ಕೆ ಸಹಿ ಸಂಗ್ರಹಿಸುವ ಕೆಲಸ ನನಗೆ ಬಂತು. "ಮೇಲೆ ಅರ್ಧ ಹಾಳೆ ಖಾಲಿ ಬಿಡು ಗುರು. ಮಿನಿಸ್ಟರ್‌ಗೆ ಕೊಡೋದೋ ಕಮಿಷನರ್‌ಗೆ ಕೊಡೋದೋ ಇನ್ನೂ ಗೊತ್ತಿಲ್ಲ. ಒಕ್ಕಣೆ ನಾನು ಆಮೇಲೆ ಟೈಪ್ ಮಾಡಿಸ್ತೀನಿ" ಎಂದ. ನಮಗೆ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ನಲ್ಲಿ ನೀರಿಗೂ ಟ್ಯೂಬ್‌ಲೈಟಿಗೂ ನಾವು ಅರ್ಜಿ ಕೊಟ್ಟದ್ದು ಹಾಗೆಯೇ. ಪಾಠ ಮುಗಿದ ಕೂಡಲೇ ಎಲ್ಲರೂ ಬಸ್ಸಿಗೆ ಓಡುವವರು. ಒಕ್ಕಣೆಗೆ ಕಾದರೆ ಒಂದು ಸಹಿಯೂ ಸಿಗುತ್ತಿರಲಿಲ್ಲ.

ಅಕ್ಕ ಮಾತ್ರ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಮೇಲೆ ಏನೂ ಬರ್ದೇ ಇಲ್ವಲ್ಲೇ?"

"ಬರೀತಾರೆ ಅಕ್ಕಾ, ನಾನಿಲ್ವಾ?"

"ನೀನಿದೀಯ ಅಂತ ಹಾಕ್ತಿದೀನಿ" ಎಂದಳು. ಹಬ್ಬಕ್ಕೆ ಹಸಿ ಅರಿಶಿನದ ಗಿಡ ಮಾರಿ ಬಂದಿದ್ದ ಕೈ. ಸೆರಗಿಗೆ ಒರೆಸಿಕೊಂಡರೂ ಹಳದಿ ಬಿಟ್ಟಿರಲಿಲ್ಲ. ದುಂಡಗೆ ಪೂರ್ತಿ ಹೆಸರು ಬರೆದಳು. ಪಕ್ಕದಲ್ಲಿ ಹೆಬ್ಬೆರಳಿನ ಗುರುತು ಹಳದಿಯಾಗಿ ಉಳಿಯಿತು.

ಎರಡು ವಾರದ ಮೇಲೆ ಇಲಾಖೆಯ ಅಧಿಕಾರಿ ನಮ್ಮನ್ನು ಕರೆಸಿದರು. ಲೀಡರ್ ಮತ್ತು ನಾನು ಹೋದೆವು. ಅಧಿಕಾರಿ ಒಳ್ಳೆಯ ಮಾತಿನಲ್ಲೇ, "ನೀವೇ ಒಪ್ಕೊಂಡು ಬರ್ದುಕೊಟ್ಟಿದೀರಲ್ಲಮ್ಮ, ಮತ್ತೆ ಯಾಕೆ ಗಲಾಟೆ?" ಎಂದು ಕಡತವನ್ನು ನನ್ನ ಕಡೆ ತಿರುಗಿಸಿದರು. 'ಈ ಕೆಳಗೆ ಸಹಿ ಮಾಡಿರುವ ವಿದ್ಯಾರ್ಥಿಗಳಾದ ನಾವು ಸ್ಥಳಾಂತರಕ್ಕೆ ಸ್ವಇಚ್ಛೆಯಿಂದ ಒಪ್ಪಿರುತ್ತೇವೆ' ಎಂದು ನೀಟಾಗಿ ಟೈಪಾಗಿತ್ತು. ಕೆಳಗೆ ಮೂರನೆಯ ಸಾಲಿನಲ್ಲಿ ಅಕ್ಕನ ಹೆಬ್ಬೆರಳಿನ ಹಳದಿ.

ನಾನು ಪಕ್ಕಕ್ಕೆ ನೋಡಿದೆ. ಅವನು ಫ್ಯಾನ್ ನೋಡುತ್ತಿದ್ದ.

"ಇದು ಮೋಸ ಸರ್" ಎಂದೆ. "ಹಾಗಾದ್ರೆ ಸಹಿ ಹಾಕಿದವರೆಲ್ಲ ವಾಪಸ್ ತಗೋತೀವಿ ಅಂತ ಶುಕ್ರವಾರದೊಳಗೆ ಬರ್ದುಕೊಡಿ. ನಿಮ್ಮೊಬ್ಬರ ಮಾತಿಗೆ ನಾನೇನೂ ಮಾಡೋಕಾಗಲ್ಲ" ಎಂದರು.

ಮೆಟ್ಟಿಲಲ್ಲಿ ಅವನ ಕಾಲರ್ ಹಿಡಿದೆ. ಟ್ರಸ್ಟಿನವರು ಅವನಿಗೆ ಆಫೀಸಿನಲ್ಲಿ ಕೆಲಸ, ಎಂ.ಬಿ.ಎ. ಸೀಟು ಎರಡೂ ಕೊಡುತ್ತಾರಂತೆ. "ಹೇಗಿದ್ರೂ ಮುಚ್ತಿದ್ರು. ನೋಡಮ್ಮ, ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡು" ಎಂದ. ನಿನ್ನೆಯವರೆಗೆ ಗುರು ಆಗಿದ್ದವಳು ಒಂದೇ ದಿನದಲ್ಲಿ ಅಮ್ಮ ಆಗಿಬಿಟ್ಟಿದ್ದೆ. "ಥೂ, ನಿನ್ ಜನ್ಮಕ್ಕೆ!" ಎಂದು ಬಂದೆ. ಬಸ್ ಸ್ಟಾಪಿನಲ್ಲಿ ನಾಚಿಕೆ ಬಿಟ್ಟು ಅತ್ತೆ. ನಂಬಿಸಿ ಕತ್ತು ಕೊಯ್ಯುವುದು ಎಂದು ಎಷ್ಟು ಸಲ ಹೇಳಿದ್ದೆನೋ, ಅದರ ನೋವು ಅವತ್ತು ತಿಳಿಯಿತು. ಕತ್ತು ಕೊಯ್ದವನ ಕೈಗೆ ಹಾಳೆ ಕೊಟ್ಟವಳು ನಾನೇ.

ಮರುದಿನ ಅವೆನ್ಯೂ ರಸ್ತೆಯ ಡಿಟಿಪಿ ಅಂಗಡಿಯಲ್ಲಿ ಕೂತು ಒಕ್ಕಣೆಯನ್ನು ನಾನೇ ಹೇಳಿ ಬರೆಸಿದೆ. ಒಂದು ಇಂಚು ಜಾಗವೂ ಖಾಲಿ ಬಿಡಲಿಲ್ಲ. ಮೊದಲು ಹೋದದ್ದು ಅಕ್ಕನ ಗಾಡಿಯ ಹತ್ತಿರ. ನಡೆದದ್ದೆಲ್ಲ ಹೇಳಿದೆ. ಅವಳು ಬೈಯಲಿಲ್ಲ. ಹಾಳೆ ಇಸಿದುಕೊಂಡು ಸಾಲಿನ ಕೆಳಗೆ ಬೆರಳಿಟ್ಟು ಕೊನೆಯವರೆಗೂ ಓದಿದಳು. ಗಿರಾಕಿಗಳು ಕಾಯುತ್ತಿದ್ದರು.

"ಚೆನ್ನಾಗಿ ಬರ್ಸಿದೀಯ" ಎಂದು ಹಾಳೆ ವಾಪಸ್ ಕೊಟ್ಟಳು.

"ಪೆನ್ ತಗೋ ಅಕ್ಕಾ."

"ಹಾಳೇಲಿ ಏನೂ ತಪ್ಪಿಲ್ಲ ಬಿಡು. ಆದ್ರೆ ಹೋದ್ಸಲ ನಾನು ಹಾಳೆ ನೋಡಿ ಹಾಕಿರ್ಲಿಲ್ಲ ಕಣೇ, ನಿನ್ನ ನೋಡಿ ಹಾಕಿದ್ದೆ."

ಅಷ್ಟು ಹೇಳಿ ಹುರುಳಿಕಾಯಿ ಕೇಳಿದವರ ಕಡೆ ತಿರುಗಿದಳು. ಅವಳು ಹಾಕಲಿಲ್ಲವೆಂದು ತಿಳಿದ ಮೇಲೆ ಉಳಿದವರೂ ಹಾಕಲಿಲ್ಲ. ಶುಕ್ರವಾರ ನಾನು ಇಲಾಖೆಗೆ ಕೊಟ್ಟ ಹಾಳೆಯಲ್ಲಿ ಒಕ್ಕಣೆ ಪೂರ್ತಿ ಇತ್ತು. ಕೆಳಗೆ ಇದ್ದದ್ದು ನನ್ನದೊಂದೇ ಸಹಿ.