ಉಸ್ತಾದರ ಜಾಲಿ ಕೋಲು

ಹುಮನಾಬಾದಿನ ಹೈವೇ ಬದಿಯಲ್ಲಿ ನಮ್ಮದೊಂದು ಗಾಡಿ ರಿಪೇರಿ ಶೆಡ್ಡು ಇತ್ತು. ನಮ್ಮದು ಎಂದರೆ ಉಸ್ತಾದರದು. ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಅವರು ಅದನ್ನು ಹಾಕಿದ್ದು. ನಾನು ಅವರ ಕೈಕೆಳಗೆ ಸೇರಿದ್ದು ಹತ್ತು ಹನ್ನೆರಡು ವರ್ಷದ ಮೇಲೆ. ಅವರು ದಿನಾ ಬಸವಕಲ್ಯಾಣದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಊರಲ್ಲೇ ಇದ್ದ ನಾನು ಅವರಿಗಿಂತ ತಡವಾಗಿ ಬರುತ್ತಿದ್ದೆ.

ಶೆಡ್ಡಿಗೊಂದು ಕಾಯಿದೆ ಇತ್ತು: ಮೊದಲು ಕಿವಿ, ಆಮೇಲೆ ಪಾನಾ. ಉಸ್ತಾದರು ಕೇಳಿ ರೋಗ ಹೇಳುವವರೆಗೆ ಯಾರೂ ಪಾನಾ ಹಿಡಿದು ಒಂದು ನಟ್ಟು ಬಿಚ್ಚುವಂತಿಲ್ಲ. ಕೇಳುವ ರೀತಿಯೂ ಬೇರೆ. ಒಂದೂವರೆ ಮೊಳದ ಜಾಲಿ ಕೋಲು, ಹಿಡಿದು ಹಿಡಿದು ನುಣುಪಾಗಿದ್ದು. ಓಡುವ ಎಂಜಿನ್ನಿಗೆ ಅದರ ಒಂದು ತುದಿ ಇಟ್ಟು, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚುತ್ತಿದ್ದರು. ಆಮೇಲೆ "ಮೂರನೇ ಬೇರಿಂಗ್" ಎಂದರೆ ಮೂರನೇ ಬೇರಿಂಗೇ. ಇದನ್ನು ನೋಡಿ ಊರಿನ ಮೆಕ್ಯಾನಿಕ್‌ಗಳೆಲ್ಲ ಕೋಲು ಕಚ್ಚತೊಡಗಿದರು. ನಾನೂ ಕಚ್ಚಿದೆ. ದೇವರು ಎರಡು ಕಿವಿ ಕೊಟ್ಟಿರುವಾಗ ಹಲ್ಲೇಕೆ ಎಂದು ನಮ್ಮಲ್ಲಿ ಒಬ್ಬ ಜಾಣನೂ ಕೇಳಲಿಲ್ಲ.

ಇನ್ನೊಂದು ಕಾಯಿದೆ ನನಗೆ ಸಿಟ್ಟು ತರಿಸುತ್ತಿತ್ತು. ಏನೇ ಹೇಳುವುದಿದ್ದರೂ ಅವರ ಎದುರು ಬಂದು ನಿಂತು ಹೇಳಬೇಕು. ಗಾಡಿಯ ಕೆಳಗೆ ಮಲಗಿ ಕೂಗಿದರೆ ಉತ್ತರವಿಲ್ಲ. ಎದ್ದು ಹೋಗಿ ಕೇಳಿದರೆ, "ಎದುರು ಬಂದು ಮಾತಾಡು ತಮ್ಮಾ" ಎನ್ನುವರು. ಮುದುಕನಿಗೆ ಅದಬು, ಮರ್ಯಾದೆಯ ಹುಚ್ಚು ಜಾಸ್ತಿ ಎಂದು ನಾನು ಒಳಗೊಳಗೇ ಗೊಣಗುತ್ತಿದ್ದೆ.

ಎಂಬತ್ತರ ದಶಕದ ನಡುವೆ ಒಂದು ಫಾರಿನ್ ಕಾರು ಬಂತು. ಮಾಲೀಕರು ನಮ್ಮ ಕಡೆಯವರೇ. ಅರಬ್ ದೇಶದಲ್ಲಿ ದುಡಿದು, ಹಡಗಿನಲ್ಲಿ ಹಾಕಿಸಿಕೊಂಡು ತಂದಿದ್ದರು. ಡೀಸೆಲ್ ಎಂಜಿನ್, ಅದಕ್ಕೊಂದು ಟರ್ಬೊ. ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಖ ಅದು. ಅಲ್ಲಿಯವರೆಗೆ ನಾವು ಅಂಥದ್ದನ್ನು ಕಣ್ಣಾರೆ ಕಂಡಿರಲಿಲ್ಲ. ಗಾಡಿ ನಿಂತಾಗ ಎಂಜಿನ್ ಬೆಣ್ಣೆಯಂತೆ ಓಡುತ್ತಿತ್ತು. ಏರು ಬಂದರೆ ಮಾತ್ರ ಸೀಟಿ, ಕರಿ ಹೊಗೆ, ಎಳೆಯುವ ಜೋರೂ ಇಲ್ಲ.

ಉಸ್ತಾದರು ಕೋಲು ಕಚ್ಚಿ ಎಂಜಿನ್ನನ್ನೆಲ್ಲ ಸುತ್ತಿದರು. "ಎಂಜಿನ್ ತಂದುರುಸ್ತ್ ಅದರಿ, ಏನೂ ರೋಗಿಲ್ಲ" ಎಂದರು.

"ಏರಿಗೆ ಹೋಗೂಣ್ರಿ, ಅಲ್ಲಿ ಕೇಳ್ರಿ" ಎಂದರು ಮಾಲೀಕರು.

ರಾಜೇಶ್ವರದ ಕಡೆ ಹೊರಟೆವು. ಮಾಲೀಕರು ಸ್ಟಿಯರಿಂಗ್ ಹಿಡಿದಿದ್ದರು, ಉಸ್ತಾದರು ಪಕ್ಕದಲ್ಲಿ, ನಾನು ಹಿಂದೆ. ಏರು ಹತ್ತಿದ್ದೇ ತಡ ಸೀಟಿ ಶುರುವಾಯಿತು. ತೆಳ್ಳಗೆ, ಕಿವಿ ಕೊರೆಯುವಷ್ಟು ಮೊನಚಾಗಿ.

"ಬಂತು ನೋಡ್ರಿ!" ಎಂದರು ಮಾಲೀಕರು.

ಉಸ್ತಾದರು ತಲೆ ವಾರೆ ಮಾಡಿದರು. "ಎಲ್ಲದ? ಏನೂ ಇಲ್ಲಲ್ರಿ."

ಮಾಲೀಕರು ಎಕ್ಸಲೇಟರನ್ನು ಇನ್ನಷ್ಟು ಒತ್ತಿದರು. ಉಸ್ತಾದರು ಮತ್ತೆ ಇಲ್ಲವೆಂದರು. ಕನ್ನಡಿಯಲ್ಲಿ ಮಾಲೀಕರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ನನ್ನೊಳಗಿನ ಕೋತಿ ಆಗಲೇ ಹೆಂಡ ಕುಡಿದಿತ್ತು. "ಊರಿಗೆಲ್ಲ ಕೇಳಾಕತ್ತದ, ಉಸ್ತಾದ್ರಿಗೆ ಒಬ್ಬರಿಗೇ ಇಲ್ಲ" ಎಂದೆ.

ಮಾಲೀಕರು ನಕ್ಕುಬಿಟ್ಟರು. ಆ ನಗು ಕಂಡು ಉಸ್ತಾದರು ಹಿಂದೆ ತಿರುಗಿದರು. "ಏನಂದಿ ತಮ್ಮಾ? ನನ್ನ ಕಡೆ ನೋಡಿ ಹೇಳು."

ಆಗ ಮಾತು ಬದಲಿಸಬಹುದಿತ್ತು. ಏನಿಲ್ಲರಿ ಎಂದಿದ್ದರೆ ಮುಗಿಯುತ್ತಿತ್ತು. ನಾನು ಅದೇ ಮಾತನ್ನು ಅವರ ಮುಖಕ್ಕೇ ಇನ್ನೊಮ್ಮೆ ಹೇಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಹೇಳಿ ಮುಗಿದ ಮೇಲೆ ಮೆಲ್ಲಗೆ ಮುಂದಕ್ಕೆ ತಿರುಗಿ ಕೂತರು.

ರಾಜೇಶ್ವರದಲ್ಲಿ ಗಾಡಿ ನಿಲ್ಲಿಸಿದೆವು. ಮಾಲೀಕರು ಚಹಾಕ್ಕೆಂದು ಹೋಟೆಲಿಗೆ ಹೋದರು. ನಾನು ಬಾನೆಟ್ ಎತ್ತಿ, ಎಕ್ಸಲೇಟರ್ ಎಳೆದೆಳೆದು ಕಿವಿ ಕೊಟ್ಟೆ. ನಿಂತ ಗಾಡಿ ತುಟಿ ಬಿಚ್ಚಲಿಲ್ಲ. ಉಸ್ತಾದರು ಕೋಲನ್ನು ಮುಟ್ಟಲೇ ಇಲ್ಲ. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪಿನ ಅಡಿಗೆ ಕೈ ಹಾಕಿ, ಕುರುಡರು ಮುಖ ಸವರುವಂತೆ ಮೆಲ್ಲಗೆ ಸವರಿದರು. ಬೆರಳು ಹೊರತೆಗೆದಾಗ ತುದಿಯಲ್ಲಿ ಎಣ್ಣೆಯ ಕರಿ ಪಸೆ.

"ಇಲ್ಲಿ ಸೀಳ್ಯದ ನೋಡು. ಗಾಳಿ ಜೋರಾದಾಗ ಅಷ್ಟೇ ಬಾಯಿ ಬಿಡ್ತದ. ಅದಕ್ಕೇ ಏರಿನ್ಯಾಗ."

ಸೈಕಲ್ ಟ್ಯೂಬ್ ಸೀಳಿ ನಾನು ಬಿಗಿಯಾಗಿ ಸುತ್ತುತ್ತಿದ್ದೆ. ಮೇಲೆ ತಂತಿ ಕಟ್ಟುವಷ್ಟರಲ್ಲಿ ಮಾಲೀಕರು ಬಂದರು. "ಭಲೇ! ಹುಡಕಿದಿ ಹೌದಲ್ಲೋ?" ಎಂದು ನನ್ನ ಬೆನ್ನು ತಟ್ಟಿದರು. ನಾನು ತಲೆ ಎತ್ತದೆ "ಹೂಂರಿ" ಎಂದೆ. ಉಸ್ತಾದರು ಆಚೆ ನಿಂತು ಕೈ ಒರೆಸಿಕೊಳ್ಳುತ್ತಿದ್ದರು. ಹಿಂದಿರುಗುವಾಗ ಏರಿನಲ್ಲಿ ಸೀಟಿ ಬರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಹೋಗಿ ಹೋಗಿ ಹೈವೇ ಪೂರ್ತಿ ತಿರುಗಿತು. ಉಸ್ತಾದರು ಕೋಲು ಹಿಡಿದು ಬಂದರೆ ಲಾರಿ ಡ್ರೈವರುಗಳು, "ನೀವು ಕೂಡ್ರಿ, ಇವರು ನೋಡ್ಲಿ" ಎಂದು ನನ್ನತ್ತ ಕೈ ತೋರಿಸುತ್ತಿದ್ದರು. ನಾನೂ ಹೋಗಿ ನೋಡುತ್ತಿದ್ದೆ. ಒಂದು ತಿಂಗಳೂ ಆಗಿರಲಿಲ್ಲ, ಅವರು ಪಾನಾಗಳನ್ನೆಲ್ಲ ನನಗೆ ಬಿಟ್ಟು, ಕೋಲೊಂದನ್ನೇ ಹಿಡಿದು ಮನೆ ಸೇರಿದರು. ನಾನು ತಡೆಯಲಿಲ್ಲ. ಸುಳ್ಳೇಕೆ ಹೇಳಲಿ, ಅಂದು ನನಗೆ ಖುಷಿಯೇ ಆಯಿತು.

ಬಸವಕಲ್ಯಾಣದ ಅವರ ಮನೆಗೆ ಹೋಗಲು ನನಗೆ ಎರಡು ವರ್ಷ ಬೇಕಾಯಿತು. ಅಂಗಳದಲ್ಲಿ ಬೆನ್ನು ಹಾಕಿ ಕೂತಿದ್ದರು. ಅವರ ಹೆಂಡತಿ ಹೆಸರು ಹಿಡಿದೂ ಕರೆಯಲಿಲ್ಲ, ಕೂಗಲೂ ಇಲ್ಲ. ನೆಲಕ್ಕೆ ಹಾಸಿದ ಪರಸಿಗಲ್ಲಿನ ಮೇಲೆ ಕಾಲಿನಿಂದ ಎರಡು ಸಲ ಬಡಿದರು. ಉಸ್ತಾದರು ತಿರುಗಿದರು.

"ಶೆಡ್ ಹಾಕೂ ಮೊದ್ಲಿಂದ ಹಿಂಗೇ ಕರೀತೀನಿ" ಎಂದರು ಆಕೆ. "ಲಾರಿ ಸಪ್ಪಳದಾಗ ದುಡದು ದುಡದು ಕಿವಿ ಆಗಲೇ ಹೋಗಿದ್ವು. ನಿನಗ ಗೊತ್ತಿಲ್ಲೇನು?"

ಹದಿನೈದು ವರ್ಷಕ್ಕೂ ಮಿಕ್ಕಿ ಅವರ ಎದುರು ನಿಂತು ಮಾತಾಡಿದ್ದೆ. ನನಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಮೈ ಹಿಡಿಯಾಯಿತು. ಆ ಸೀಳನ್ನು ಹುಡುಕಿದವರು ನೀವು, ಊರಿಗೆಲ್ಲ ಅದನ್ನು ಹೇಳಿ ಬರುತ್ತೇನೆ, ನನ್ನದು ತಪ್ಪಾಯಿತು. ಇಷ್ಟನ್ನು ಹೇಳಲೆಂದೇ ಬಸ್ಸು ಹತ್ತಿದ್ದೆ.

ಅವರು ಕೇಳಿದ್ದೇ ಬೇರೆ. "ತಮ್ಮಾ, ಆ ಗಾಡಿ ಸೀಟಿ ಹ್ಯಾಂಗಿತ್ತು?"

ನಾನು ಸೀಟಿ ಹೊಡೆದು ತೋರಿಸಿದೆ. ಅವರು ನನ್ನ ತುಟಿ ನೋಡಿದರು, ತಿಳಿಯಲಿಲ್ಲವೆಂದು ತಲೆ ಅಲ್ಲಾಡಿಸಿದರು. ಗೋಡೆಗೆ ಒರಗಿಸಿದ್ದ ಜಾಲಿ ಕೋಲನ್ನು ತೆಗೆದುಕೊಂಡು, ಒಂದು ತುದಿಯನ್ನು ನನ್ನ ದವಡೆಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಕಚ್ಚಿ ಕಣ್ಣು ಮುಚ್ಚಿದರು. ಈಗ ನಾನು ಏನು ಹೇಳಿದರೂ ಕೋಲಿನಿಂದ ಹಲ್ಲಿಗಿಳಿದು ಅವರಿಗೆ ಕೇಳುತ್ತಿತ್ತು. ಅವರು ಕಾಯುತ್ತಿದ್ದರು.

ನಾನು ಮತ್ತೆ ಸೀಟಿ ಹೊಡೆದೆ. ಅದನ್ನಷ್ಟೇ ಹೊಡೆದೆ.