ಹೆಣಿಗೆ ಮತ್ತು ಹೆಣಗಾಟ

ಬಸ್ಸಿನ ಟಿಕೆಟ್ಟನ್ನು ಇಳಿಯುವ ತನಕ ಮಡಚದೆ, ಸುರುಳಿ ಸುತ್ತದೆ, ಚೂರು ಮಾಡದೆ ಹಾಗೆಯೇ ಹಿಡಿದು ಕೂರಬಲ್ಲ ಸ್ಥಿತಪ್ರಜ್ಞರನ್ನು ಕಂಡರೆ ನನಗೆ ಗೌರವಕ್ಕಿಂತ ಅಸೂಯೆಯೇ ಹೆಚ್ಚು. ಯಲಹಂಕದಲ್ಲಿ ಹತ್ತಿದ ನಾನು ಹೆಬ್ಬಾಳ ತಲುಪುವಷ್ಟರಲ್ಲಿ ನನ್ನ ಟಿಕೆಟ್ಟು ಪುಡಿಯಾಗಿರುತ್ತದೆ. ತಪಾಸಣೆಯವರು ಬಂದಾಗ ಅಂಗೈ ಬಿಚ್ಚಿ ಆ ವಿಭೂತಿಯನ್ನು ತೋರಿಸಿ ಬೈಸಿಕೊಂಡದ್ದೂ ಉಂಟು.

ಇಂಥ ನಾನು ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವುದರಿಂದ ನಿವೃತ್ತನಾದ ಬೆನ್ನಿಗೇ ಹೆಂಡತಿಯ ಹಿಂದೆ ಹಾಲೆಂಡಿಗೆ ಹೊರಟೆ. ಹೆಸರಘಟ್ಟದಲ್ಲಿ ಹೂವಿನ ಬೆಳೆಗಳ ಸಂಶೋಧನೆ ಮಾಡುವ ಸುಮಾಳಿಗೆ ಅಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತ್ತು. ವೀಸಾದಲ್ಲಿ ನನ್ನನ್ನು ‘ಅವಲಂಬಿತ’ ಎಂದು ನಮೂದಿಸಿದ್ದರು. ಮದುವೆಯಾದಂದಿನಿಂದ ಮನೆಯೊಳಗೆ ಮಾತ್ರ ತಿಳಿದಿದ್ದ ಸತ್ಯಕ್ಕೆ ಸರ್ಕಾರದ ಮೊಹರು ಬಿದ್ದಂತಾಯಿತು. ಅಲ್ಲಿ ಹೊರಗೆ ಮಳೆ, ಒಳಗೆ ನಾನು; ಇಬ್ಬರೂ ನಿಲ್ಲುತ್ತಿರಲಿಲ್ಲ. ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿದ್ದ ನನ್ನ ಪ್ರದಕ್ಷಿಣೆಯನ್ನು ಸಹಿಸಿ ಸಾಕಾಗಿ ಸುಮಾ ಒಂದು ದಿನ, ಕೆಳಗಿನ ಹಾಲ್‌ನಲ್ಲಿ ಹೆಂಗಸರೆಲ್ಲ ಸೇರಿ ಸ್ವೆಟರ್ ಹೆಣೆಯುತ್ತಾರಂತೆ, ಹೋಗಿ ಕೂತುಕೊಳ್ಳಿ ಎಂದು ಅಕ್ಷರಶಃ ಹೊರಗೆ ಹಾಕಿದಳು.

ಅಲ್ಲಿ ಗುರುವಾಗಿ ಸಿಕ್ಕವರು ಆನಿಕೆ ಎಂಬ ವೃದ್ಧೆ. ಹೆಸರಿನಲ್ಲಷ್ಟೇ ಆನೆ, ಆಳು ತಮ್ಮ ಕೈಯ ಹೆಣಿಗೆಕಡ್ಡಿಯಂತೆಯೇ ಸಣ್ಣ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೆ ಡಚ್ ಸೊನ್ನೆ. ಹಾಗಾಗಿ ತಪ್ಪಿದಾಗಲೆಲ್ಲ ಬೈಯುವ ಬದಲು ನನ್ನ ಬೆರಳನ್ನೇ ಹಿಡಿದು ತಿರುಗಿಸುತ್ತಿದ್ದರು. ಹೆಣಿಗೆಗೂ ಹೆಣಗಾಟಕ್ಕೂ ಇರುವ ರಕ್ತಸಂಬಂಧ ನನಗೆ ತಿಳಿದದ್ದು ವ್ಯಾಕರಣದಿಂದಲ್ಲ, ನನ್ನ ಮೊದಲ ಮಫ್ಲರಿನಿಂದ: ಅಂಗೈಯಗಲ ಶುರುವಾದದ್ದು ಮುಗಿಯುವಾಗ ಸ್ನಾನದ ಟವೆಲ್ಲಿನಷ್ಟಾಗಿತ್ತು. ಎರಡನೆಯ ಚಳಿಗಾಲದಲ್ಲಿ ಅವರು ಕ್ವಿಲ್ಟ್, ಅಂದರೆ ನಮ್ಮ ಕೌದಿಯ ದೂರದ ನೆಂಟ, ಹೊಲಿಯುವುದನ್ನು ಕಲಿಸಿದರು. ತುಂಡುಬಟ್ಟೆಗೆ ಎಲ್ಲಿಗೆ ಹೋಗಲಿ? ಅಲ್ಲಿನವರಿಗೆ ಕೊಡಲೆಂದು ಸುಮಾ ಕಟ್ಟಿಕೊಂಡು ಬಂದಿದ್ದ ಬ್ಲೌಸ್ ಪೀಸುಗಳು ಪೆಟ್ಟಿಗೆಯಲ್ಲೇ ಇದ್ದವು. ಅರಿಸಿನ ಕುಂಕುಮದ ಜೊತೆ ಮನೆಯಿಂದ ಮನೆಗೆ ಅಲೆಯುತ್ತ, ಎಂದೂ ರವಿಕೆಯಾಗದೆ ಪರಿವ್ರಾಜಕರಂತೆ ತಿರುಗುವ ಅವುಗಳ ಕಥೆ ನಿಮ್ಮ ಮನೆಯ ಬೀರುವಿಗೂ ಗೊತ್ತಿರಬೇಕು. ಅವನ್ನೆಲ್ಲ ಜೋಡಿಸಿ ಹೊಲಿದು ಅವುಗಳ ಅಲೆದಾಟಕ್ಕೆ ಕೊನೆ ಹಾಡಿದೆ.

ಊರಿಗೆ ಮರಳಿದ ಸ್ವಲ್ಪ ದಿನಕ್ಕೆ ಸುಮಾಳ ಗರ್ಭಕೋಶದಲ್ಲಿ ಗಡ್ಡೆಯಿರುವುದು ಗೊತ್ತಾಯಿತು. ತೆಗೆದು ನೋಡುವವರೆಗೂ ಏನೂ ಹೇಳಲಾಗದು ಎಂದರು ವೈದ್ಯರು. ಹೆಬ್ಬಾಳದ ಆಸ್ಪತ್ರೆಯಲ್ಲಿ ಸ್ಟ್ರೆಚರಿನ ಮೇಲೆ ಮಲಗಿ ಒಳಗೆ ಹೋಗುವಾಗ ಅವಳು ಕೇಳಿದ್ದು ಇಷ್ಟೆ: “ರೀ, ಕಡ್ಡಿ ತಂದಿದೀರ ತಾನೆ? ಸುಮ್ನೆ ಓಡಾಡ್ಬೇಡಿ.”

ತಂದಿದ್ದೆ. ಆದರೆ ಹೊಸ ಉಲ್ಲನ್ ಲಡಿಯನ್ನು ಬಿಚ್ಚಿ ಉಂಡೆ ಸುತ್ತಲು ಹೋಗಿ ಎಲ್ಲವನ್ನೂ ಸಿಕ್ಕುಮಾಡಿ ಕೂತೆ. ಪಕ್ಕದ ಕುರ್ಚಿಯಲ್ಲಿ ನನಗಿಂತ ಹೆಚ್ಚು ಚಡಪಡಿಸುತ್ತಿದ್ದವರು ತಣಿಸಂದ್ರದಲ್ಲಿ ಟೈರ್ ಅಂಗಡಿ ಇಟ್ಟಿರುವ ರಶೀದ್ ಸಾಹೇಬರು. ಹೆರಿಗೆ ಕಷ್ಟವಾಗಿ ಅವರ ಮಗಳನ್ನು ಆಪರೇಷನ್ನಿಗೆ ಕರೆದೊಯ್ದಿದ್ದರು.

“ಕೊಡಿ ಸಾರ್ ಇಲ್ಲಿ, ನಾನ್ ಹಿಡ್ಕೊತೀನಿ,” ಎಂದರು. “ಕೈಗೆ ಏನಾದ್ರೂ ಕೆಲ್ಸ ಬೇಕು ಕಣ್ರೀ, ಇಲ್ದಿದ್ರೆ ತಲೆ ಕೆಟ್ಟೋಗುತ್ತೆ.”

ಅವರು ಎರಡೂ ಮಣಿಕಟ್ಟಿಗೆ ಲಡಿಯನ್ನು ಹಾಕಿಕೊಂಡು ಕೈ ಚಾಚಿದರು; ನಾನು ಸಿಕ್ಕು ಬಿಡಿಸುತ್ತ ಉಂಡೆ ಸುತ್ತಿದೆ. ನೂಲು ಅರ್ಧ ಮುಗಿದಿತ್ತು, ನರ್ಸ್ ಸುಮಾಳ ಕಡೆಯವರನ್ನು ಕರೆದಳು. ಗಾಬರಿಯಲ್ಲಿ ಉಂಡೆ ಹಿಡಿದೇ ಓಡಿದೆ. ಹಿಂದಿನಿಂದ ರಶೀದ್ ಸಾಹೇಬರೂ ಕೈ ಚಾಚಿಕೊಂಡೇ ಓಡಿ ಬಂದರು. ಯಜಮಾನರು ಯಾರು ಎಂದು ವೈದ್ಯೆ ಕೇಳಿದಾಗ, ನನ್ನ ಬದಲು ರಶೀದ್ ಸಾಹೇಬರೇ ಗದ್ದದಿಂದ ನನ್ನನ್ನು ತೋರಿಸಿದರು. ಗಡ್ಡೆಯನ್ನು ಪೂರ್ತಿ ತೆಗೆದಾಯಿತು, ಭಯಪಡುವಂಥದ್ದಾಗಿ ಕಾಣುವುದಿಲ್ಲ ಎಂದರು ವೈದ್ಯೆ. ಆಮೇಲೆ ಬಂದ ವರದಿಯೂ ಅದನ್ನೇ ಹೇಳಿತು. ಆ ಕ್ಷಣ ಮಾತ್ರ ನಾನು ಒರಗಲು ಗೋಡೆ ಹುಡುಕಿದೆ. ಕೈ ಬಿಡುವಿಲ್ಲದ ರಶೀದ್ ಸಾಹೇಬರು ತಮ್ಮ ಭುಜವನ್ನೇ ಊರೆಗೋಲಾಗಿ ಕೊಟ್ಟರು.

ಸುಮಾಳನ್ನು ನೋಡಲು ಇನ್ನೂ ಹೊತ್ತಿತ್ತು. ಅವರ ಮಗಳ ಸುದ್ದಿ ಬಂದಿರಲಿಲ್ಲ. ಮತ್ತೆ ಇಬ್ಬರೂ ಕೂತು ಉಳಿದ ನೂಲನ್ನೂ ಸುತ್ತಿ ಮುಗಿಸಿದೆವು. ಬಿಗಿಯಾಗಿ ಸುತ್ತಿದ್ದ ಉಂಡೆಯನ್ನು, ಸಡಿಲವಾಯಿತೆಂದು ಸುಳ್ಳು ಹೇಳಿ, ಬಿಚ್ಚಿ ಮತ್ತೆ ಅವರ ಕೈಗೆ ಹಾಕಿದೆ. ಅವರಿಗೆ ಗೊತ್ತಾಗಿರಬೇಕು, ಆದರೂ ಮಣಿಕಟ್ಟು ಚಾಚಿದರು. ಕಡೆಗೆ ಹೆಣ್ಣುಮಗು, ತಾಯಿಯೂ ಕ್ಷೇಮ ಎಂಬ ಸುದ್ದಿ ಬಂದಾಗ ಅವರು ಅಳುತ್ತ ಕೈಯಲ್ಲಿದ್ದ ನೂಲನ್ನೇ ನೋಡಿದರು.

“ಇದ್ರಲ್ಲಿ ಒಂದ್ ಟೋಪಿ ಆಗುತ್ತಾ ಸಾರ್?”

ಈ ಬೇಸಿಗೆಯಲ್ಲಿ ಉಲ್ಲನ್ ಟೋಪಿಯೇ ಎಂದೆ.

“ನಮ್ಗೆ ಬಿಸ್ಲು. ಮಗು ಈಗಷ್ಟೇ ಒಳಗಿಂದ ಬಂದಿದೆ, ಅದಕ್ಕೆ ಚಳಿನೇ.”

ಎರಡೇ ದಿನದಲ್ಲಿ ಮುಗಿಸಿ ಕೊಟ್ಟೆ. ಮಗುವಿನ ತಲೆಯ ಅಂದಾಜು ನನಗೆಲ್ಲಿಂದ ಬರಬೇಕು? ಟೋಪಿ ಅದರ ಗಲ್ಲದವರೆಗೂ ಇಳಿಯಿತು. ರಶೀದ್ ಸಾಹೇಬರು ಅದನ್ನು ಮೆಲ್ಲಗೆ ತೆಗೆದು, ತಮ್ಮ ತಲೆಗೇ ಹಾಕಿಕೊಂಡು, ವಾರ್ಡಿನವರೆಲ್ಲರ ಮುಂದೆ ಗಂಭೀರವಾಗಿ ನಡೆದುಹೋದರು. ಇದನ್ನು ನಾನು ಹೇಳುತ್ತಿದ್ದರೆ ಸುಮಾ ಎರಡೂ ಕೈಯಿಂದ ಆಪರೇಷನ್ ಆದ ಹೊಟ್ಟೆ ಹಿಡಿದುಕೊಂಡಳು.

“ರೀ, ನಗಿಸ್ಬೇಡಿ,” ಎಂದಳು ಕಣ್ಣೊರೆಸಿಕೊಳ್ಳುತ್ತ. “ಇದು ನಿಮ್ಮ ಹೊಲಿಗೆ ಅಲ್ಲ, ಬಿಚ್ಚಿ ಮತ್ತೆ ಹಾಕೋಕೆ.”